ಓದುಗರ ಪ್ರಶ್ನೆ: ಕಣ್ಣು ತುಂಬಬೇಕಾದ ದೃಶ್ಯ ಎಡಿಟಿಂಗ್‌ನಲ್ಲಿ ಯಾಕೆ ಸಪ್ಪೆಯಾಗುತ್ತದೆ?

ಪ್ರಶ್ನೆ: ಎಂಟು ನಿಮಿಷದ ಕಿರುಚಿತ್ರ ಮಾಡಿದ್ದೇನೆ. ಊರಿನ ಮನೆ ಮಾರುವ ವಿಷಯವನ್ನು ಮಗ ಅಪ್ಪನಿಗೆ ಹೇಳುವ ದೃಶ್ಯವೇ ಅದರ ಜೀವಾಳ. ಇಬ್ಬರ ನಟನೆಯೂ ಚೆನ್ನಾಗಿದೆ, ಹಿನ್ನೆಲೆಗೆ ಪಿಟೀಲು ಹಾಕಿದ್ದೇನೆ. ಆದರೂ ನೋಡಿದವರಿಗೆ ಏನೂ ಅನಿಸುತ್ತಿಲ್ಲ. ಎಲ್ಲಿ ತಪ್ಪಿದೆ? – ಓದುಗರು, ಶಿವಮೊಗ್ಗ

ಉತ್ತರ: ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ತೆರೆದು ಮಾತು ಮುಗಿಯುವ ಜಾಗ ಮತ್ತು ಚಿತ್ರ ಕಟ್ ಆಗುವ ಜಾಗ ಎರಡನ್ನೂ ನೋಡಿ. ಎಲ್ಲ ಕಡೆ ಎರಡೂ ಒಂದೇ ಗೆರೆಯಲ್ಲಿದ್ದರೆ ಕಾರಣ ಅದೇ. ಮಾತಾಡುವವರ ಮುಖವನ್ನಷ್ಟೇ ಸರದಿಯಲ್ಲಿ ತೋರಿಸುತ್ತಾ ಹೋದರೆ ನೋಡುವವರಿಗೆ ವಿಷಯ ತಿಳಿಯುತ್ತದೆ, ಸಂಕಟ ತಟ್ಟುವುದಿಲ್ಲ. ಈ ದೃಶ್ಯದ ಸಂಕಟ ಇರುವುದು ಕೇಳಿಸಿಕೊಳ್ಳುವ ಅಪ್ಪನ ಮುಖದಲ್ಲಿ.

"ಅಪ್ಪಾ, ಮನೆ ಮಾರೋಣ ಅಂತ ಇದೀನಿ" ಎಂಬ ಮಾತು ಮಗನ ಶಾಟ್‌ನಲ್ಲಿ ಶುರುವಾಗಲಿ. "ಮನೆ" ಅನ್ನುವಷ್ಟರಲ್ಲಿ ಅಪ್ಪನ ಶಾಟ್‌ಗೆ ಬನ್ನಿ, ಮಗನ ದನಿ ಅದರ ಮೇಲೆ ಮುಂದುವರಿಯಲಿ. ಇದು ಎಲ್ ಕಟ್. ಆಡಿಯೊ, ವಿಡಿಯೊ ಲಿಂಕ್ ಬಿಡಿಸಿ ಚಿತ್ರದ ಅಂಚನ್ನು ಮಾತ್ರ ಹಿಂದಕ್ಕೆ ಎಳೆದರೆ ಆಯಿತು. ಮಾಮೂಲಿ ಸಂಭಾಷಣೆಗೆ 8ರಿಂದ 12 ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಎಳೆದರೆ ಸಾಕು, ಇಂಥ ಕಡೆ 20 ಫ್ರೇಮ್‌ವರೆಗೂ ಹೋಗಬಹುದು. ಮಾತು ಮುಗಿದ ಮೇಲೂ ಅಪ್ಪನ ಮುಖದ ಮೇಲೆ ಎರಡು ಮೂರು ಸೆಕೆಂಡ್ ನಿಲ್ಲಿ. ಟೇಕ್‌ನಲ್ಲಿ ಅಷ್ಟು ಮೌನ ಇಲ್ಲದಿದ್ದರೆ "ಆ್ಯಕ್ಷನ್" ಅನ್ನುವ ಮೊದಲಿನ ಅಥವಾ "ಕಟ್" ಅಂದ ನಂತರದ ತುಣುಕನ್ನು ಹುಡುಕಿ. ನಟ ಸುಮ್ಮನೆ ಕುಳಿತ ಒಳ್ಳೆಯ ಕ್ಷಣಗಳು ಎಷ್ಟೋ ಸಲ ಅಲ್ಲೇ ಸಿಗುತ್ತವೆ.

ನಿಖರವಾಗಿ ಎಲ್ಲಿ ಕಟ್ ಮಾಡಬೇಕು ಎನ್ನುವುದಕ್ಕೆ ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಅನುಸರಿಸುವ ಕ್ರಮ ಬಹಳ ಉಪಯುಕ್ತ. ಶಾಟ್ ಓಡಿಸಿ, ಸಾಕು ಅನಿಸಿದ ಕೂಡಲೇ ಮಾರ್ಕರ್ ಒತ್ತಿ. ಹಿಂದಿನ ಗುರುತು ನೋಡದೆ ಮತ್ತೆ ಓಡಿಸಿ ಒತ್ತಿ. ಎರಡೂ ಸಲ ಅದೇ ಫ್ರೇಮ್‌ಗೆ ಬಿದ್ದರೆ ಕಟ್ ಅಲ್ಲೇ. ಹತ್ತು ಹದಿನೈದು ಫ್ರೇಮ್ ವ್ಯತ್ಯಾಸ ಬಂದರೆ ಆ ಶಾಟ್ ಏನು ಹೇಳುತ್ತಿದೆ ಎಂಬುದು ನಿಮಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ.

ಮುಂದಿನ ಶಾಟ್ ಯಾವುದು ಎಂಬುದೂ ಅಷ್ಟೇ ಮುಖ್ಯ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೊವ್ ಸುಮಾರು ನೂರು ವರ್ಷದ ಹಿಂದೆ ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮುಂತಾದ ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದ. ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು. ನಿಮ್ಮ ಚಿತ್ರದಲ್ಲೂ ಅಪ್ಪನ ಮುಖವಾದ ಮೇಲೆ ಬಾಗಿಲ ಚೌಕಟ್ಟಿನಲ್ಲಿ ಮಗನ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳು ಬಂದರೆ ಆ ಮುಖದಲ್ಲಿ ನೆನಪು ಕಾಣುತ್ತದೆ. ಟೇಬಲ್ ಮೇಲಿನ ಮಗನ ಕಾರಿನ ಕೀ ಬಂದರೆ ಅದೇ ಮುಖದಲ್ಲಿ ಸಿಟ್ಟು ಕಾಣುತ್ತದೆ.

ಪಿಟೀಲನ್ನು ಒಮ್ಮೆ ಪೂರ್ತಿ ತೆಗೆದು ನೋಡಿ. ಮಗ ಬಾಯಿ ಬಿಡುವ ಮುಂಚೆಯೇ ಸಂಗೀತ ಅಳತೊಡಗಿದರೆ ನಟರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಬೇಕೇ ಬೇಕೆಂದರೆ ಅಪ್ಪನ ಮೌನ ಮುಗಿದ ಮೇಲೆ ಶುರುವಾಗಲಿ. ಆದರೆ ಆ ಮೌನವನ್ನು ಆಡಿಯೊ ಟ್ರ್ಯಾಕ್‌ನಲ್ಲಿ ಖಾಲಿ ಬಿಡಬೇಡಿ, ಸೌಂಡ್ ಕೈಕೊಟ್ಟಿತು ಅನಿಸುತ್ತದೆ. ಶೂಟಿಂಗ್ ದಿನ ಎಲ್ಲರನ್ನೂ ಸುಮ್ಮನಿರಿಸಿ ಅದೇ ಕೋಣೆಯಲ್ಲಿ 30 ಸೆಕೆಂಡ್ ರೂಮ್ ಟೋನ್ (ಯಾರೂ ಮಾತಾಡದಾಗ ಕೋಣೆಯಲ್ಲಿರುವ ಸಣ್ಣ ಸದ್ದು) ರೆಕಾರ್ಡ್ ಮಾಡಿಕೊಂಡಿದ್ದರೆ ಅದನ್ನು ಕೆಳಗೆ ಹಾಸಿ. ಇಲ್ಲದಿದ್ದರೆ ಮಾತುಗಳ ನಡುವಿನ ಖಾಲಿ ತುಣುಕುಗಳನ್ನು ಸಣ್ಣ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಕೊಟ್ಟು ಜೋಡಿಸಿಕೊಳ್ಳಿ.

ಪ್ರಶ್ನೆ: ಭಾವಗೀತೆಯೊಂದಕ್ಕೆ ವಿಡಿಯೊ ಮಾಡುತ್ತಿದ್ದೇವೆ. ಹಾಡಿನ ವೇಗ 96 ಬಿಪಿಎಂ (ನಿಮಿಷಕ್ಕೆ 96 ಬೀಟ್), ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್. ಪ್ರತಿ ಬೀಟ್‌ಗೆ 16 ಫ್ರೇಮ್ ಲೆಕ್ಕದಲ್ಲಿ ಕಟ್ ಮಾಡಿದೆವು. ಸ್ವಲ್ಪ ಹೊತ್ತಿಗೇ ತಾಳ ತಪ್ಪುತ್ತದೆ, ನೋಡುವವರಿಗೆ ಸುಸ್ತಾಗುತ್ತದೆ. – ಓದುಗರು, ಧಾರವಾಡ

ಉತ್ತರ: ತಾಳ ತಪ್ಪುವುದಕ್ಕೆ ಲೆಕ್ಕವೇ ಕಾರಣ. 60ನ್ನು 96ರಿಂದ ಭಾಗಿಸಿದರೆ ಒಂದು ಬೀಟ್‌ಗೆ 0.625 ಸೆಕೆಂಡ್. 25 ಫ್ರೇಮ್‌ನಲ್ಲಿ ಅದು 15.625 ಫ್ರೇಮ್ ಆಗುತ್ತದೆ, 16 ಅಲ್ಲ. 16 ಬೀಟ್ ಆಗುವಷ್ಟರಲ್ಲಿ 6 ಫ್ರೇಮ್ ಜಾರಿರುತ್ತದೆ. ಫ್ರೇಮ್ ಎಣಿಸಿ ಕಟ್ ಮಾಡುವುದನ್ನು ಬಿಟ್ಟು, ಹಾಡು ಓಡಿಸುತ್ತಾ ಮಾರ್ಕರ್ ಒತ್ತಿ. ಆಮೇಲೆ ವೇವ್‌ಫಾರ್ಮ್ (ಸದ್ದಿನ ಏರಿಳಿತ ತೋರಿಸುವ ಅಲೆಗೆರೆ) ದೊಡ್ಡದು ಮಾಡಿ ಪೆಟ್ಟು ಬಿದ್ದ ಜಾಗಕ್ಕೆ ಮಾರ್ಕರ್‌ಗಳನ್ನು ಸರಿಸಿ. ಕಟ್ ಅನ್ನು ಪೆಟ್ಟಿಗಿಂತ ಒಂದು ಫ್ರೇಮ್ ಮುಂಚೆ ಇಟ್ಟು ನೋಡಿ, ಹೊಸ ಚಿತ್ರ ಕಣ್ಣಿಗೆ ಬೀಳುವಾಗ ಪೆಟ್ಟು ಸರಿಯಾಗಿ ಕೇಳುತ್ತದೆ.

ಸುಸ್ತಾಗುವುದು ಬೇರೆ ಕಾರಣಕ್ಕೆ. ಸೆಕೆಂಡಿಗೆ ಒಂದೂವರೆ ಕಟ್ ಭಾವಗೀತೆಗೆ ಒಗ್ಗುವುದಿಲ್ಲ, ಮುಂದಿನ ಕಟ್ ಯಾವಾಗ ಎಂಬುದು ನಾಲ್ಕೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ. ಪಲ್ಲವಿಗೆ ಒಂದು ಸಾಲಿಗೊಂದು ಶಾಟ್ ಸಾಕು. ತಬಲಾ ಏರುವ ಬಿಜಿಎಂ (ಬರೀ ವಾದ್ಯ ನುಡಿಯುವ) ಭಾಗದಲ್ಲಿ ಬೀಟ್‌ಗೆ ಕಟ್ ಮಾಡಿ, ಚರಣಕ್ಕೆ ಬಂದಾಗ ಮತ್ತೆ ಉದ್ದದ ಶಾಟ್‌ಗೆ ಇಳಿಯಿರಿ. ಈ ಏರಿಳಿತವೇ ಹಾಡಿನ ಮೂಡ್ ಕಟ್ಟುವುದು. ಗಾಯಕಿ ಹಾಡುವ ಶಾಟ್‌ಗೆ ಬರುವಾಗ ಸಾಲಿನ ಮೊದಲ ಅಕ್ಷರದ ಮೇಲೆ ಬರಬೇಡಿ. ಅದಕ್ಕಿಂತ 6–8 ಫ್ರೇಮ್ ಮುಂಚೆ, ಉಸಿರು ಎಳೆದುಕೊಳ್ಳುವಾಗ ಬನ್ನಿ. ಆ ಉಸಿರನ್ನು ಕತ್ತರಿಸಿದರೆ ಹಾಡು ಬೇರೆಲ್ಲಿಂದಲೋ ಕೇಳಿಬಂದಂತೆ ಆಗುತ್ತದೆ.

ಪ್ರಶ್ನೆ: ಹಾಡುವ ಶಾಟ್ ಸ್ಲೋ ಮೋಷನ್‌ನಲ್ಲಿರಬೇಕು, ತುಟಿ ಚಲನೆಯೂ ಹೊಂದಬೇಕು. ಹೇಗೆ? – ಓದುಗರು, ಮಂಗಳೂರು

ಉತ್ತರ: 50 ಫ್ರೇಮ್‌ನಲ್ಲಿ ಶೂಟ್ ಮಾಡಿ, ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಕಲಾವಿದರು ಆ ವೇಗಕ್ಕೇ ತುಟಿ ಆಡಿಸಲಿ. 25 ಫ್ರೇಮ್ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕಿಳಿಸಿದಾಗ ತುಟಿ ಮೂಲ ಹಾಡಿಗೆ ಕೂರುತ್ತದೆ, ಕೂದಲು, ಸೆರಗು ಮಾತ್ರ ನಿಧಾನವಾಗಿ ತೇಲುತ್ತವೆ. ಎರಡು ಪಟ್ಟು ವೇಗಕ್ಕೆ ಹಾಡುವುದು ಕಷ್ಟ, ಮುಂಚಿತವಾಗಿ ಆ ವೇಗದ ಟ್ರ್ಯಾಕ್ ಕೊಟ್ಟು ಅಭ್ಯಾಸ ಮಾಡಿಸಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಕೆಳಗೆ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/100 ಇರಲಿ, ಇಲ್ಲದಿದ್ದರೆ ಬೆಳಕು ಮಿಣುಕುತ್ತದೆ. 25 ಫ್ರೇಮ್‌ನಲ್ಲಿ ತೆಗೆದದ್ದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಎಳೆದರೆ ಜರ್ಕ್ ಬರುತ್ತದೆ. ನಡುವಿನ ಫ್ರೇಮ್‌ಗಳನ್ನು ಸಾಫ್ಟ್‌ವೇರೇ ಊಹಿಸಿ ತುಂಬುವ ಆಪ್ಟಿಕಲ್ ಫ್ಲೋ ಹಾಕಿದರೆ ಬೆರಳು, ಬಳೆಗಳ ಸುತ್ತ ಚಿತ್ರ ಕರಗಿದಂತೆ ಕಾಣಬಹುದು.

ಪ್ರಶ್ನೆ: ಫ್ಲ್ಯಾಶ್‌ಬ್ಯಾಕ್ ಎಂದು ತಿಳಿಯಲು ಕಪ್ಪು ಬಿಳುಪು ಮಾಡಲೇಬೇಕೇ? – ಓದುಗರು, ದುಬೈ

ಉತ್ತರ: ಬೇಕಿಲ್ಲ. ಹಳೆಯ ದಿನದ ಸದ್ದನ್ನು, ಶಾಲೆಯ ಗಂಟೆಯೋ ಮಳೆಯೋ ಆಗಲಿ, ಈಗಿನ ಶಾಟ್‌ನ ಕೊನೆಯ ಒಂದೆರಡು ಸೆಕೆಂಡ್‌ಗೇ ತಂದುಬಿಡಿ, ಆಮೇಲೆ ನೇರ ಕಟ್ ಮಾಡಿ. ಇದು ಜೆ ಕಟ್. ಡಿಸಾಲ್ವ್ (ಒಂದು ಚಿತ್ರ ಮಾಸುತ್ತಾ ಇನ್ನೊಂದು ಮೂಡುವುದು) ಕೊಡುವುದಾದರೆ ಒಂದು ಸೆಕೆಂಡ್‌ಗಿಂತ ಕಡಿಮೆ ಬೇಡ. 8–10 ಫ್ರೇಮ್‌ನ ಡಿಸಾಲ್ವ್ ಕಟ್ ಸರಿಯಾಗಿ ಕೂರದ್ದನ್ನು ಮುಚ್ಚಲು ಹಾಕಿದಂತೆ ಕಾಣುತ್ತದೆ. ಎರಡೂ ಶಾಟ್‌ಗಳ ಬೆಳಕು ಹತ್ತಿರ ಹತ್ತಿರ ಇರಲಿ. ಕತ್ತಲ ಕೋಣೆಯಿಂದ ಬಿಸಿಲ ಬಯಲಿಗೆ ಡಿಸಾಲ್ವ್ ಮಾಡಿದರೆ ನಡುವೆ ಎರಡೂ ಚಿತ್ರ ಬೆರೆಯುವುದಿಲ್ಲ, ಬಿಸಿಲು ಕೋಣೆಯನ್ನು ನುಂಗಿಬಿಡುತ್ತದೆ. ಅಂಥ ಕಡೆ ನೇರ ಕಟ್ ಮಾಡುವುದೇ ಸರಿ.