ರಾತ್ರಿಯಿಡೀ ನೆನೆಸಿದರೂ ಚಿಪ್ಪುಮೀನಿನಲ್ಲಿ ಮರಳು ಉಳಿದದ್ದೇಕೆ

ಅಗೆದು ತಂದ ಚಿಪ್ಪುಮೀನನ್ನು ರಾತ್ರಿಯಿಡೀ ನೆನೆಸಿದರೂ ಮರಳು ಹೋಗಲಿಲ್ಲ, ದುರ್ವಾಸನೆಯೂ ಬಂತು ಎಂದು ನೀವು ಬರೆದಿದ್ದೀರಿ. ನಲ್ಲಿ ನೀರಿನಲ್ಲಿ ನೆನೆಸಿದ್ದೇ ಕಾರಣವಿರಬೇಕು. ಸಿಹಿನೀರು ಸೋಕಿದರೆ ಕಡಲ ಚಿಪ್ಪುಮೀನು ಬಾಯಿ ಬಿಗಿದುಕೊಳ್ಳುತ್ತದೆ. ಮರಳು ಒಳಗೇ ಉಳಿಯುತ್ತದೆ, ಹೆಚ್ಚು ಹೊತ್ತಾದರೆ ಜೀವವೂ ಹೋಗುತ್ತದೆ. ನೀವು ಬರೆದ ಆ ದುರ್ವಾಸನೆ ಸತ್ತವುಗಳದ್ದು. ಆ ರಾಶಿಯನ್ನು ಎಸೆದುಬಿಡಿ, ಮನಸ್ಸಿಗೆ ಕಷ್ಟವಾದರೂ.

ಮುಂದಿನ ಸಲ ಮೊದಲು ಚಿಪ್ಪುಗಳನ್ನು ಉಜ್ಜಿ ತೊಳೆಯಿರಿ. ಒಡೆದವನ್ನೂ, ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದವನ್ನೂ ತೆಗೆದುಹಾಕಿ. ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿಸಿ. ಸೋಸಿದ ಶುದ್ಧ ಸಮುದ್ರದ ನೀರು ಸಿಕ್ಕರೆ ಇನ್ನೂ ಒಳ್ಳೆಯದು. ಅಗಲವಾದ ಪಾತ್ರೆಯೊಳಗೆ ತೂತಿನ ತಟ್ಟೆಯಿಟ್ಟು ಅದರ ಮೇಲೆ ಹರಡಿ, ಇಲ್ಲದಿದ್ದರೆ ಉಗುಳಿದ ಮರಳನ್ನೇ ಮತ್ತೆ ಹೀರಿಕೊಳ್ಳುತ್ತವೆ. ನೀರು ಅವುಗಳನ್ನು ಮುಳುಗಿಸುವಷ್ಟಿದ್ದರೆ ಸಾಕು. ಗಾಳಿಯಾಡುವಂತೆ ತಂಪಾದ ಕತ್ತಲೆಯಲ್ಲಿ ಎರಡು ಮೂರು ಗಂಟೆ ಬಿಡಿ, ನಡುವೆ ಒಮ್ಮೆ ಉಪ್ಪುನೀರು ಬದಲಿಸಿ. ಮರಳಿನಿಂದ ಅಗೆದಿರೋ ಕೆಸರಿನಿಂದಲೋ ನೀವು ಹೇಳಿಲ್ಲ. ಕೆಸರಿನದಾದರೆ ಇನ್ನೊಂದು ಸುತ್ತು ಬೇಕಾಗಬಹುದು.

ನೀರನ್ನು ಬಗ್ಗಿಸಬೇಡಿ. ಚಿಪ್ಪುಗಳನ್ನು ಕೈಯಿಂದಲೇ ಎತ್ತಿಕೊಳ್ಳಿ, ತಳದ ಮರಳು ಅಲ್ಲೇ ಇರಲಿ. ನಂತರ ಮುಚ್ಚಳ ಮುಚ್ಚಿ ಹಬೆಯಲ್ಲಿ ಬೇಯಿಸಿ. ಬಾಯಿ ತೆರೆದ ಮೇಲೂ ಮೂರು ನಾಲ್ಕು ನಿಮಿಷ ಬೇಯಲಿ. ಕೊನೆಗೂ ತೆರೆಯದವನ್ನು ತಿನ್ನಬೇಡಿ. ಬಸಿದ ರಸ ಚೆಲ್ಲುವಂಥದ್ದಲ್ಲ, ತೆಳುಬಟ್ಟೆಯಲ್ಲಿ ಸೋಸಿ ಸಾರಿಗೆ ಸೇರಿಸಿ. ಅದಕ್ಕೆ ಬೇರೆ ಉಪ್ಪನ್ನು ಮಾತ್ರ ರುಚಿ ನೋಡಿಯೇ ಹಾಕಿ.