ಫ್ರಾನ್ಸ್‌ನ ಹಳ್ಳಿಗಳನ್ನು ಸೈಕಲ್ ಮೇಲೆ ಆರಾಮಾಗಿ ಸುತ್ತಬೇಕು. ಎಲ್ಲಿಗೆ ಹೋಗಲಿ, ಹೇಗೆ ಹೋಗಲಿ?

ನೀವು ಬರೆದದ್ದನ್ನು ಓದಿ ನನಗೆ ಅರ್ಥವಾದದ್ದು ಇಷ್ಟು. ವಯಸ್ಸು ಐವತ್ತು ದಾಟಿದೆ. ಭಾನುವಾರ ನಂದಿ ಬೆಟ್ಟದ ಕಡೆ ಸೈಕಲ್ ಹೊಡೆಯುವ ಅಭ್ಯಾಸ ಇದೆ. ನಿಮ್ಮ ಹೆಂಡತಿಗೆ ಅಷ್ಟು ರೂಢಿ ಇಲ್ಲ. ಇಬ್ಬರೂ ಸಸ್ಯಾಹಾರಿಗಳು, ಫ್ರೆಂಚ್ ಬರಲ್ಲ, ಕೈಯಲ್ಲಿ ಒಂದು ವಾರ ಇದೆ. ದಿಬ್ಬ ತಗ್ಗುಗಳ ಹಸಿರು, ಹಳೇ ಊರುಗಳು ಬೇಕು. ಕಿಲೋಮೀಟರ್ ಹುಚ್ಚು ಬೇಡ. ಕೊನೆಗೆ, ಇ-ಬೈಕ್ ತಗೊಳ್ಳಬೇಕಾ ಅಂತಲೂ ಕೇಳಿದ್ದೀರಿ.

ಪೂರ್ವ ಫ್ರಾನ್ಸ್‌ನ ದ್ರಾಕ್ಷಿ ಸೀಮೆ ಬರ್ಗಂಡಿಯ ದಕ್ಷಿಣ ಭಾಗಕ್ಕೆ ಹೋಗಿ. ಬೋನ್ ಊರಿನಿಂದ ಶುರು ಮಾಡಿ ಮಾಕೋಂನಲ್ಲಿ ಮುಗಿಸಿ. ನಾನು ಕೆಲಸದ ಮೇಲೆ ಲಿಯೋಂನಲ್ಲಿ ಇರುವವನು. ಈ ಸೀಮೆ ನನಗೆ ರೈಲಿನಲ್ಲಿ ಹತ್ತಿರ, ಆಗಾಗ ಹೋಗುತ್ತಿರುತ್ತೇನೆ. ಎಲ್ಲರೂ ನಿಮಗೆ ಲ್ವಾರ್ ನದಿ ದಡವನ್ನೇ ಹೇಳುತ್ತಾರೆ, ಗೊತ್ತು. ಅದೂ ಚೆನ್ನಾಗಿದೆ, ಅರಮನೆಗಳು ಸಾಲುಸಾಲಾಗಿ ಸಿಗುತ್ತವೆ. ಆದರೆ ಅದು ಬಹುಪಾಲು ಚಪ್ಪಟೆ ನೆಲ, ಜನವೂ ಜಾಸ್ತಿ. ದಕ್ಷಿಣದ ಪ್ರೊವಾನ್ಸ್ ಸೀಮೆ ಫೋಟೋದಲ್ಲಿ ಸೊಗಸು. ಬೇಸಿಗೆಯ ಬಿಸಿಲು, ಅದರ ಮೇಲೆ ಮಿಸ್ತ್ರಾಲ್ ಅನ್ನುವ ಜೋರು ಗಾಳಿ ಎದುರಿಗೆ ಬಂದರೆ ರೂಢಿ ಇಲ್ಲದವರಿಗೆ ಸೈಕಲ್ಲೇ ಬೇಡ ಅನ್ನಿಸಿಬಿಡುತ್ತದೆ. ಬರ್ಗಂಡಿಯಲ್ಲಿ ದಿಬ್ಬಗಳು ಕಣ್ಣಿಗೆ ಕಾಣುತ್ತವೆ, ಕಾಲಿಗೆ ಅಷ್ಟಾಗಿ ತಾಗುವುದಿಲ್ಲ. ಯಾಕೆ ಅಂದರೆ ದಾರಿಯ ದೊಡ್ಡ ಭಾಗ ಹಿಂದೆ ರೈಲು ಹಳಿ ಇದ್ದ ಜಾಗ. ರೈಲಿಗೆ ಕಡಿದಾದ ಏರು ಆಗುವುದಿಲ್ಲ, ಅಲ್ವಾ? ಹಳಿ ಕಿತ್ತು ಡಾಂಬರು ಹಾಕಿದ್ದಾರೆ. ಜಿವ್ರಿಯಿಂದ ಕ್ಲೂನಿವರೆಗಿನ 44 ಕಿಲೋಮೀಟರ್ ಹೀಗೆ 1997ರಲ್ಲಿ ತೆರೆದದ್ದು. ಕಾರಿಲ್ಲದ ಇಂಥ ಹಸಿರು ದಾರಿಗೆ ಇಲ್ಲಿ ವ್ವಾ ವೆರ್ತ್ ಅನ್ನುತ್ತಾರೆ. ಇಡೀ ಫ್ರಾನ್ಸ್‌ಗೆ ಇದೇ ಮೊದಲನೆಯದು.

ಬೋನ್‌ನಿಂದ ಮಾಕೋಂಗೆ ಒಟ್ಟು 130 ಕಿಲೋಮೀಟರ್ ಆಸುಪಾಸು. ನಿಮಗೆ ಎರಡೇ ದಿನದ ಮಾತು ಅನ್ನಿಸಬಹುದು. ಅಲ್ಲೇ ಜನ ಎಡವುವುದು. ಇಲ್ಲಿ ದಿನವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ, ಊರಿನ ಗಡಿಯಾರದಲ್ಲಿ ಲೆಕ್ಕ ಹಾಕಿ. ಬೇಕರಿ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಹನ್ನೆರಡೂವರೆ ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರೂವರೆ ನಾಲ್ಕಕ್ಕೆ. ಹೋಟೆಲಿನಲ್ಲಿ ಊಟ ಅಂದರೆ ಹನ್ನೆರಡರಿಂದ ಸುಮಾರು ಒಂದೂವರೆ. ಎರಡೂಕಾಲಿಗೆ ಬೆವರು ಒರೆಸಿಕೊಂಡು ಹೋಗಿ ಕೂತರೆ ಕಾಫಿ ಕೊಡುತ್ತಾರೆ, ಊಟ ಕೊಡುವುದಿಲ್ಲ. ಒಲೆ ಆರಿಸಿಯಾಗಿರುತ್ತದೆ, ಬೇಡಿಕೊಂಡರೂ ಹಚ್ಚುವುದಿಲ್ಲ. ಭಾನುವಾರ ಮಧ್ಯಾಹ್ನದ ನಂತರ ಊರಿಗೆ ಊರೇ ಮಲಗಿರುತ್ತದೆ. ಸೋಮವಾರ ಬಹಳ ಕಡೆ ಬೇಕರಿಗೂ ರಜೆ. ನಮ್ಮ ಕಡೆ ರಸ್ತೆ ಬದಿ ಯಾವ ಹೊತ್ತಿಗೂ ಒಂದು ಚಹಾ, ಒಂದು ಬಾಳೆಹಣ್ಣು ಸಿಗುತ್ತದಲ್ಲ, ಆ ಧೈರ್ಯ ಇಲ್ಲಿ ನಡೆಯಲ್ಲ.

ಹಾಗಾಗಿ ಬೆಳಿಗ್ಗೆ ಬ್ರೆಡ್ ಕೊಂಡು ಬ್ಯಾಗಿಗೆ ಸಿಕ್ಕಿಸಿ. ಹನ್ನೆರಡರೊಳಗೆ ಊಟ ಇರುವ ಊರು ಸೇರಿ. ಉಂಡು, ಒಂದು ಗಂಟೆ ಸುಮ್ನೆ ಕೂತು, ಇನ್ನೊಂದು ಹತ್ತು ಹದಿನೈದು ಕಿಲೋಮೀಟರ್ ತುಳಿದರೆ ದಿನ ಮುಗಿಯಿತು. ಹೀಗೆ ಹೋದರೆ ದಿನಕ್ಕೆ 25ರಿಂದ 35 ಕಿಲೋಮೀಟರ್ ಆಗುತ್ತದೆ. ವಾರ ಸರಿಯಾಗಿ ತುಂಬುತ್ತದೆ.

ಈಗ ದಾರಿ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಡಿಜೋಂಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಅಲ್ಲಿಂದ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಬೋನ್. ಸೈಕಲ್ ಬೆಂಗಳೂರಿನಿಂದ ತರಬೇಡಿ. ಬಹಳಷ್ಟು ವೇಗದ ರೈಲುಗಳಲ್ಲಿ ಅದನ್ನು ಬಿಚ್ಚಿ ಚೀಲದಲ್ಲಿ ತುಂಬಬೇಕಾಗುತ್ತದೆ. ಬೋನ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಡಬಹುದೇ ಅಂತ ಮೊದಲೇ ಕೇಳಿ. ಆಗುವುದಿಲ್ಲ ಅಂದರೂ ಚಿಂತೆ ಇಲ್ಲ. ಮಾಕೋಂನಿಂದ ಬೋನ್‌ಗೆ ಲೋಕಲ್ ರೈಲುಗಳಿವೆ, ಅವುಗಳಲ್ಲಿ ಸೈಕಲ್ಲನ್ನು ಹಾಗೇ ಹತ್ತಿಸಬಹುದು.

ಬೋನ್‌ನಲ್ಲಿ ಎಲ್ಲರೂ ನೋಡುವುದು ಒತೆಲ್-ದ್ಯು. 1443ರಲ್ಲಿ ನಿಕೊಲಾ ರೋಲೇಂ ಅನ್ನುವ ಮಂತ್ರಿ ಬಡವರಿಗೆಂದು ಕಟ್ಟಿಸಿದ ಆಸ್ಪತ್ರೆ. ಒಳ ಅಂಗಳಕ್ಕೆ ಹೋಗಿ ತಲೆ ಎತ್ತಿದರೆ ಕೆಂಪು, ಹಳದಿ, ಹಸಿರು, ಕಂದು ಹೆಂಚುಗಳ ಚಿತ್ತಾರದ ಮಾಡು. ಇದರ ಖರ್ಚಿಗೆ ಜನ ದ್ರಾಕ್ಷಿ ತೋಟಗಳನ್ನು ದಾನ ಕೊಟ್ಟಿದ್ದರು. ಆ ತೋಟಗಳ ವೈನನ್ನು ಈಗಲೂ ನವೆಂಬರ್ ಮೂರನೇ ಭಾನುವಾರ ಹರಾಜು ಹಾಕುತ್ತಾರೆ. 1859ರಿಂದ ನಡೆದು ಬಂದ ಪದ್ಧತಿ. ಶನಿವಾರ ಬೆಳಿಗ್ಗೆ ಬೋನ್‌ನಲ್ಲಿ ಸಂತೆ. ಸಾಧ್ಯವಾದರೆ ಶನಿವಾರವೇ ಹೊರಡಿ. ಚೀಸು, ಹಣ್ಣು, ಟೊಮ್ಯಾಟೊ ಕೊಂಡು ಚೀಲ ತುಂಬಿಸಿಕೊಂಡರೆ ಭಾನುವಾರದ ಬಾಗಿಲು ಹಾಕಿದ ಊರುಗಳ ಚಿಂತೆ ತೀರುತ್ತದೆ.

ಬೋನ್‌ನಿಂದ ಸಾಂತೆನೆವರೆಗೆ ಸುಮಾರು 22 ಕಿಲೋಮೀಟರ್ ದ್ರಾಕ್ಷಿ ತೋಟಗಳ ನಡುವೆಯೇ ದಾರಿ. ಪೊಮಾರ್, ವೊಲ್ನೆ, ಮರ್ಸೋ, ಪುಲಿನ್ಯಿ ಒಂದಾದ ಮೇಲೊಂದು ಬರುತ್ತವೆ. ಈ ದಿನ ಮಾತ್ರ ಸ್ವಲ್ಪ ಏರಿಳಿತ ಇದೆ, ನಂದಿ ಹತ್ತಿದವರಿಗೆ ಲೆಕ್ಕಕ್ಕಿಲ್ಲ. ದಾರಿ ರೈತರದ್ದೂ ಹೌದು. ಇಲ್ಲಿನ ಟ್ರಾಕ್ಟರ್ ನೋಡಿದರೆ ಮೊದಲ ಸಲ ನಗು ಬರುತ್ತದೆ. ಮೊಣಕಾಲೆತ್ತರದ ಚಕ್ರಗಳಲ್ಲ, ಉದ್ದುದ್ದ ಕಾಲುಗಳ ಮೇಲೆ ಡ್ರೈವರ್ ಆಕಾಶದಲ್ಲಿ ಕೂತಿರುತ್ತಾನೆ. ದ್ರಾಕ್ಷಿ ಸಾಲು ಅವನ ಗಾಡಿಯ ಹೊಟ್ಟೆಯ ಕೆಳಗೆ ಹಾದುಹೋಗುತ್ತದೆ. ಸಾಲುಗಳನ್ನು ಅಷ್ಟು ಒತ್ತೊತ್ತಾಗಿ ನೆಟ್ಟಿರುವುದರಿಂದ ಮಾಮೂಲಿ ಟ್ರಾಕ್ಟರ್ ನುಗ್ಗುವುದಿಲ್ಲ. ಅದು ಎದುರು ಬಂದರೆ ನೀವೇ ಪಕ್ಕಕ್ಕೆ ನಿಲ್ಲಿ.

ಪುಲಿನ್ಯಿ ದಾಟಿದ ಮೇಲೆ ಮೋಂರಾಶೆ ಅನ್ನುವ ತೋಟ ಬರುತ್ತದೆ. ಎಂಟು ಹೆಕ್ಟೇರ್ ಸುಮಾರಿನ ಜಾಗ, ಸುತ್ತ ಮೋಟು ಕಲ್ಲಿನ ಗೋಡೆ. ಪ್ರಪಂಚದ ಅತ್ಯಂತ ದುಬಾರಿ ಬಿಳಿ ವೈನುಗಳಲ್ಲಿ ಒಂದು ಇಲ್ಲಿನದು. ಪಕ್ಕದ ಪುಲಿನ್ಯಿ, ಶಾಸಾನ್ಯ್ ಎರಡೂ ಊರು 1879ರಲ್ಲಿ ತಮ್ಮ ಹೆಸರಿನ ಬಾಲಕ್ಕೆ ಈ ತೋಟದ ಹೆಸರು ಅಂಟಿಸಿಕೊಂಡವು! ನೋಡಲು ಪಕ್ಕದ ತೋಟಕ್ಕೂ ಇದಕ್ಕೂ ನನಗಂತೂ ಒಂದು ಚೂರೂ ವ್ಯತ್ಯಾಸ ಕಾಣಲ್ಲ. ಮಣ್ಣು, ಇಳಿಜಾರು, ಬಿಸಿಲು ಬೀಳುವ ದಿಕ್ಕು ನೋಡಿ ಒಂದೊಂದು ತುಂಡನ್ನೂ ಬೇರೆ ಮಾಡಿ ಹೆಸರಿಟ್ಟಿದ್ದಾರೆ. ಆ ವಿಂಗಡಣೆಗೇ 2015ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತು. ಗೊನೆ ಕೈಗೆಟುಕುವಷ್ಟು ಹತ್ತಿರ ಇರುತ್ತದೆ, ಕೀಳಬೇಡಿ. ವೈನ್ ಕುಡಿಯುವವರಾದರೆ ಸಂಜೆಗೆ ಇಟ್ಟುಕೊಳ್ಳಿ. ಕುಡಿದು ಗಾಡಿ ಓಡಿಸಬಾರದು ಅನ್ನುವ ಕಾನೂನು ಇಲ್ಲಿ ಸೈಕಲ್ಲಿಗೂ ಅನ್ವಯಿಸುತ್ತದೆ.

ಸಾಂತೆನೆಯಿಂದ ಶಾಲೋಂವರೆಗೆ ಕಾಲುವೆ ದಂಡೆ. ಚಪ್ಪಟೆ, ನೆರಳು, ನಿಧಾನ ಹೋಗುವ ದೋಣಿಗಳು. ಅರ್ಧ ದಿನ ಸಾಕು. ಶಾಲೋಂ ದೊಡ್ಡ ಊರು, ಆದರೆ ಒಂದು ಕಾರಣಕ್ಕೆ ನಿಲ್ಲಿ. ಫೋಟೋಗ್ರಫಿ ಕಂಡುಹಿಡಿದ ನಿಸೆಫೋರ್ ನಿಯೆಪ್ಸ್ ಹುಟ್ಟಿದ್ದು ಇಲ್ಲೇ, 1765ರಲ್ಲಿ. ಅವನ ಹೆಸರಿನ ಮ್ಯೂಸಿಯಂ ಇದೆ. ಆ ಮನುಷ್ಯನಿಗೆ ಸೈಕಲ್ ಗೀಳೂ ಇತ್ತು. ಪೆಡಲ್ ಇಲ್ಲದೆ ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ಗಾಡಿ ಜರ್ಮನಿಯಲ್ಲಿ 1817ರಲ್ಲಿ ಬಂತು. ಮರುವರ್ಷವೇ ಇವನು ತನ್ನದೊಂದು ಮಾಡಿಕೊಂಡು, ಸೀಟನ್ನು ಮೇಲೆ ಕೆಳಗೆ ಮಾಡುವ ಹಾಗೆ ತಿದ್ದಿದ. ಆ ಗಾಡಿಯೂ ಮ್ಯೂಸಿಯಂನಲ್ಲಿದೆ.

ಶಾಲೋಂನಿಂದ ಜಿವ್ರಿ ಹತ್ತು ಕಿಲೋಮೀಟರ್. ಅಲ್ಲಿಂದ ಆ ಹಳೇ ರೈಲು ದಾರಿ. ಬುಸ್ಸಿ, ಸೇಂ-ಜಾಂಗು, ಕೊರ್ಮಾತೇಂ. ಅಲ್ಲಲ್ಲಿ ಹಳೇ ಸ್ಟೇಷನ್ ಕಟ್ಟಡಗಳು ಹಾಗೇ ನಿಂತಿವೆ. ಎರಡೂ ಕಡೆ ಹುಲ್ಲುಗಾವಲು, ಅದರಲ್ಲಿ ಶಾರೊಲೆ ತಳಿಯ ಬಿಳೀ ದನಗಳು. ಕೊರ್ಮಾತೇಂನಲ್ಲಿ ಕಂದಕ ಇರುವ 17ನೇ ಶತಮಾನದ ಅರಮನೆ ಇದೆ, ತೋಟ ಚೆಂದ. ನನ್ನನ್ನು ಕೇಳಿದರೆ ಅದಕ್ಕಿಂತ ಪಕ್ಕದ ಶಾಪೇಝ್‌ನ 11ನೇ ಶತಮಾನದ ಚರ್ಚ್ ನೋಡಿ. ಊರೆಂಬುದು ಹಿಡಿಯಷ್ಟು, ಗಂಟೆ ಗೋಪುರ ಮಾತ್ರ ಇಡೀ ಬಯಲಿಗೆ ಕಾಣುವಷ್ಟು ಎತ್ತರ. ಕಾಲಲ್ಲಿ ಕಸುವು ಉಳಿದಿದ್ದರೆ ಬೆಟ್ಟದ ಮೇಲಿನ ಬ್ರಾಂಸಿಯೋಂ ಹಳ್ಳಿಗೂ ಹತ್ತಿ. ಅದು ನಿಜವಾದ ಏರು.

ಕ್ಲೂನಿಗೆ ಎರಡು ರಾತ್ರಿ ಕೊಡಿ. 910ರಲ್ಲಿ ಇಲ್ಲಿ ಒಂದು ಮಠ ಶುರುವಾಯಿತು. ಮುಂದೆ ಕಟ್ಟಿದ ಚರ್ಚ್ 187 ಮೀಟರ್ ಉದ್ದ. ರೋಮ್‌ನಲ್ಲಿ ಈಗಿನ ಸಂತ ಪೀಟರ್ ಚರ್ಚ್ ಏಳುವವರೆಗೂ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಫ್ರೆಂಚ್ ಕ್ರಾಂತಿ ಆದಮೇಲೆ 1798ರಲ್ಲಿ ಇದನ್ನು ಮಾರಿಬಿಟ್ಟರು. ಕೊಂಡವರು ಕಲ್ಲಿನ ಗಣಿ ಮಾಡಿಕೊಂಡರು. ಒಡೆದು ಒಡೆದು, ಕೊನೆಗೆ ಉಳಿದದ್ದು ಹತ್ತನೇ ಒಂದು ಭಾಗವೂ ಇರಲಿಕ್ಕಿಲ್ಲ. ಚರ್ಚಿನ ನಡುಭಾಗದ ಮೇಲೆಯೇ ರಸ್ತೆ ಹಾದುಹೋಯಿತು. ಅದರ ಕಲ್ಲುಗಳಲ್ಲಿ ನೆಪೋಲಿಯನ್ ಕಾಲದಲ್ಲಿ ಕುದುರೆ ಲಾಯ ಕಟ್ಟಿದರು. ಹಂಪಿ ನೋಡಿದವರಿಗೆ ಪಾಳುಬಿದ್ದ ವೈಭವ ಹೊಸತಲ್ಲ. ಆದರೆ ಇಲ್ಲಿ ಪಾಳಿನ ಮೇಲೆಯೇ ಊರು ಕೂತಿದೆ. ಪಶ್ಚಿಮದ ಮುಂಬಾಗಿಲ ಹತ್ತಿರ ಸೈಕಲ್ ನಿಲ್ಲಿಸಿ, ಅಲ್ಲಿಂದ ಉಳಿದಿರುವ ಎಂಟು ಮೂಲೆಯ ಗೋಪುರದವರೆಗೆ ನಡೆಯಿರಿ. ನಡುವೆ ಏನೂ ಇಲ್ಲ. ಆ ಗೋಪುರದ ಅಡಿ ನಿಂತು ಕತ್ತು ಎತ್ತಿದಾಗಷ್ಟೇ ಹೋದದ್ದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಕ್ಲೂನಿಯಿಂದ ಮಾಕೋಂ ಕಡೆ ಹೊರಟರೆ ಬ್ವಾ ಕ್ಲೇರ್ ಸುರಂಗ. 1.6 ಕಿಲೋಮೀಟರ್ ಉದ್ದ, ಮೊದಲು ರೈಲು ಹೋಗುತ್ತಿದ್ದದ್ದು. ಸುಡು ಬೇಸಿಗೆಯಲ್ಲೂ ಒಳಗೆ ಚಳಿ. ಜಾಕೆಟ್ ಚೀಲದ ಮೇಲ್ಗಡೆ ಇಟ್ಟುಕೊಳ್ಳಿ, ದೀಪ ಹಾಕಿ. ಚಳಿಗಾಲದಲ್ಲಿ ಬಾವಲಿಗಳು ನಿದ್ದೆಗೆ ಇಳಿಯುತ್ತವೆ ಅಂತ ಸುರಂಗ ಮುಚ್ಚುತ್ತಾರೆ. ಆಗ ಬೆಟ್ಟ ಹತ್ತಿ ಇಳಿಯಬೇಕು. ನೀವು ಹೇಗೂ ಮೇ, ಜೂನ್ ಇಲ್ಲವೇ ಸೆಪ್ಟೆಂಬರಿನಲ್ಲಿ ಬನ್ನಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲಿನ ಗಡಿಬಿಡಿ ನೋಡಲು ಸಿಗಬಹುದು, ಆದರೆ ರೂಮು ಸಿಗುವುದು ಕಷ್ಟ. ಆಗಸ್ಟ್ ಬೇಡ.

ಊಟದ ವಿಷಯ ನೇರವಾಗಿ ಹೇಳುತ್ತೇನೆ. ಪರದಾಟ ಇದೆ, ಉಪವಾಸ ಇಲ್ಲ. ಈ ಸೀಮೆಯ ಹೆಸರಾಂತ ಅಡುಗೆ ಅಂದರೆ ದನದ ಮಾಂಸ, ಬಸವನಹುಳು. ಸಸ್ಯಾಹಾರಿ ಅಂದರೆ ಕೆಲವರು ಮೀನು ತಂದಿಡುತ್ತಾರೆ. ಅದಕ್ಕೇ ‘ಸಾಂ ವ್ಯಾಂದ್, ಸಾಂ ಪ್ವಾಸೋಂ’ ಅನ್ನಿ, ಮಾಂಸ ಬೇಡ, ಮೀನು ಬೇಡ ಅಂತ. ಮೇಕೆ ಚೀಸಿನ ಸಲಾಡ್ ಎಲ್ಲೆಡೆ ಸಿಗುತ್ತದೆ. ಅದರ ಮೇಲೆ ಹಂದಿಮಾಂಸದ ಚೂರು ಉದುರಿಸುವ ಚಾಳಿ ಇದೆ, ‘ಸಾಂ ಲಾರ್ದೋಂ’ ಅಂತ ಸೇರಿಸಿ. ಮೊಟ್ಟೆ ತಿನ್ನುವವರಾದರೆ ಆಮ್ಲೆಟ್ ಇದೆ, ಚೀಸ್ ಹಾಕಿ ಉಬ್ಬಿಸಿದ ಗೂಜೇರ್ ಇದೆ. ಬಹಳ ಚೀಸುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಅದು ನಿಮಗೆ ನಡೆಯುತ್ತದೋ ಇಲ್ಲವೋ ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ. ಚಟ್ನಿಪುಡಿ ಮರೆಯದೆ ತನ್ನಿ. ಬಿಸಿ ಬ್ರೆಡ್ ಉದ್ದಕ್ಕೆ ಸೀಳಿ, ಬೆಣ್ಣೆ ದಪ್ಪಗೆ ಬಳಿದು, ಮೇಲೆ ಚಟ್ನಿಪುಡಿ ಉದುರಿಸಿ ಕಾಲುವೆ ದಂಡೆಯಲ್ಲಿ ಕೂತು ತಿಂದರೆ ಹೋಟೆಲ್ ಯಾಕೆ ಬೇಕು? ನನ್ನ ಫ್ರೆಂಚ್ ಗೆಳೆಯರೂ ಈಗ ಕೇಳಿ ಹಾಕಿಸಿಕೊಳ್ಳುತ್ತಾರೆ.

ಭಾಷೆ ಬರದಿದ್ದರೂ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಅನ್ನಲೇಬೇಕು. ಅದು ಹೇಳದೆ ನೇರ ವ್ಯವಹಾರಕ್ಕೆ ಇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಹೇಳಿದರೆ ಉಳಿದದ್ದು ಕೈಸನ್ನೆಯಲ್ಲಿ ನಡೆಯುತ್ತದೆ. ನೀರಿಗೆ ಒಂದು ಉಪಾಯ ಇದೆ. ಹಳ್ಳಿಯ ಸ್ಮಶಾನಗಳಲ್ಲಿ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. ‘ನೋಂ ಪೊತಾಬ್ಲ್’ ಅಂತ ಬೋರ್ಡ್ ಇದ್ದರೆ ಮಾತ್ರ ಕುಡಿಯಬೇಡಿ.

ಗಾಡಿಗಳು ಬಲಕ್ಕೆ ಹೋಗುತ್ತವೆ, ಅದು ಗೊತ್ತಿರುವುದೇ. ಗೊತ್ತಿಲ್ಲದ್ದು ಇದು: ಬೋರ್ಡ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು. ಅವನು ಎಷ್ಟೇ ಸಣ್ಣ ಓಣಿಯಿಂದ ಬಂದರೂ ಸರಿ. ಉಳಿಯಲು ‘ಆಕೇಯ್ ವೆಲೊ’ ಅನ್ನುವ ಗುರುತು ಇರುವ ಮನೆಗಳನ್ನು ಹುಡುಕಿ. ಸೈಕಲ್ ದಾರಿಯಿಂದ 5 ಕಿಲೋಮೀಟರ್ ಒಳಗೇ ಇರುತ್ತವೆ, ಸೈಕಲ್ ಇಡಲು ಭದ್ರ ಜಾಗ ಕೊಡುತ್ತಾರೆ. ಮನೆಯವರೇ ರಾತ್ರಿ ಊಟ ಹಾಕುವುದಾದರೆ ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆಯಿರಿ.

ಇನ್ನು ಇ-ಬೈಕ್. ಇಬ್ಬರಿಗೂ ಬೇಡ. ನಿಮ್ಮ ಹೆಂಡತಿಗೆ ಮಾತ್ರ ತಗೊಳ್ಳಿ, ಎರಡೂ ಬ್ಯಾಗನ್ನು ಅದರ ಮೇಲೇ ಹೇರಿ. ವೊಲ್ನೆಯ ಏರಿನಲ್ಲಿ ಅವರು ಮುಂದೆ ಹೋಗಿ ನಿಮಗಾಗಿ ಕಾಯುತ್ತಾರೆ. ಅದಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ.