ನೋಟಿನ ಹಿಂದಿರುವ ಆರು ಸ್ಮಾರಕಗಳನ್ನು 15 ದಿನಗಳಲ್ಲಿ ನೋಡಿ ಬರಬಹುದೇ? ಯಾವ ಕ್ರಮದಲ್ಲಿ ಹೋಗಬೇಕು?

10 ರೂಪಾಯಿಯ ಕೋನಾರ್ಕ್, 20ರ ಎಲ್ಲೋರ, 50ರ ಹಂಪಿ, 100ರ ರಾಣಿ ಕಿ ವಾವ್, 200ರ ಸಾಂಚಿ, 500ರ ಕೆಂಪು ಕೋಟೆ. ಅಪ್ಪ ಅಮ್ಮನನ್ನು ಕರೆದುಕೊಂಡು ಒಂದೇ ಸುತ್ತಿಗೆ ಆರನ್ನೂ ತೋರಿಸಬೇಕು ಅಂತ ಬರೆದಿದ್ದೀರಿ. ಇದೇ ಪಟ್ಟಿ ಹಿಡಿದು ನಾನೂ ಹೊರಟವನೇ. ನನ್ನ ಜೊತೆಗೆ ಅಮ್ಮ ಇದ್ದಳು.

ಆಸೆ ಅವಳದೇ. 20ರ ಹೊಸ ನೋಟು 2019ರಲ್ಲಿ ಬಂದಾಗ, ಹಾಲಿನವನಿಗೆ ಕೊಡಲು ಎತ್ತಿಟ್ಟಿದ್ದ ಒಂದು ನೋಟನ್ನು ತಿರುಗಿಸಿ ನೋಡಿ, ಇದೆಲ್ಲಿಯದು ಎಂದು ಕೇಳಿದಳು. ಎಲ್ಲೋರ, ಅಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದು ದೇವಸ್ಥಾನ ಮಾಡಿದ್ದಾರೆ ಎಂದೆ. "ಹಾಗಾದರೆ ಮೊದಲು ಶಿಖರ, ಆಮೇಲೆ ಬಾಗಿಲಾ?" ಎಂದಳು. ಅಲ್ಲಿಂದ ಒಂದೊಂದೇ ನೋಟು ತಿರುವಿ ಪಟ್ಟಿ ಮಾಡಿದೆವು. ಅವಳಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದದ್ದು ಎಲ್ಲೋರ.

ಹಂಪಿಯಿಂದ ಶುರು ಮಾಡಿದೆವು. ವಿಠ್ಠಲ ದೇವಾಲಯದವರೆಗೆ ಬ್ಯಾಟರಿ ಗಾಡಿ ಸಿಗುತ್ತದೆ, ಹಾಗಾಗಿ ಅಮ್ಮನ ಮಂಡಿನೋವು ಅಲ್ಲಿ ಕಾಡಲಿಲ್ಲ. ಕಲ್ಲಿನ ರಥ ನೋಡಿಕೊಂಡು ಹೊರಟು ಒಂದು ಭಾನುವಾರ ರಾತ್ರಿ ಔರಂಗಾಬಾದ್ ತಲುಪಿದೆವು. ಊರಿಗೆ ಆಗಿನ್ನೂ ಛತ್ರಪತಿ ಸಂಭಾಜಿನಗರ ಎಂಬ ಹೆಸರು ಬಂದಿರಲಿಲ್ಲ.

ಇಲ್ಲಿ ಆದದ್ದನ್ನು ಬಿಡಿಸಿ ಹೇಳುತ್ತೇನೆ, ನಿಮಗೂ ಹೀಗಾಗಬಾರದು. ರಜಾದಿನ ವಿಚಾರಿಸದೆ ಹೋಗಿ ಬಾಗಿಲು ಮುಚ್ಚಿದ್ದು ಕಂಡವರ ಕಥೆಯಲ್ಲ ಇದು. ನಾನು ವಿಚಾರಿಸಿದ್ದೆ. ಕೈಗೆ ಸಿಕ್ಕಿದ್ದ ಒಂದು ಕರಪತ್ರದಲ್ಲಿ "ಅಜಂತಾ–ಎಲ್ಲೋರ: ಸೋಮವಾರ ರಜೆ" ಎಂದಿತ್ತು. ಶಾಲೆಯ ಪಾಠದಿಂದ ಹಿಡಿದು ಟೂರ್ ಬಸ್ಸಿನ ಬೋರ್ಡಿನವರೆಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಆದರೆ ಆ ಊರಿನಿಂದ ಎಲ್ಲೋರ ಸುಮಾರು 30 ಕಿಲೋಮೀಟರ್, ಅಜಂತಾ ಇನ್ನೊಂದು ದಿಕ್ಕಿನಲ್ಲಿ ಸುಮಾರು 100 ಕಿಲೋಮೀಟರ್. ರಜೆಯೂ ಬೇರೆ ಬೇರೆ: ಅಜಂತಾಕ್ಕೆ ಸೋಮವಾರ, ಎಲ್ಲೋರಕ್ಕೆ ಮಂಗಳವಾರ. ಒಂದು ಮುಚ್ಚಿದ ದಿನ ಇನ್ನೊಂದು ತೆರೆದಿರುತ್ತದೆ. ನಾನು ಸೋಮವಾರ ಬೇಡವೆಂದು, ಬೇಕೆಂದೇ, ಎಲ್ಲೋರವನ್ನು ಮಂಗಳವಾರಕ್ಕೆ ಇಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ ಬೀಬಿ ಕಾ ಮಕ್ಬರಾ ನೋಡಿ, ಆಟೊ ಹಿಡಿದು ದೌಲತಾಬಾದ್ ಕೋಟೆಗೆ ಹೋದೆವು. ಆ ಕೋಟೆ ಇರುವುದು ಎಲ್ಲೋರದ ರಸ್ತೆಯಲ್ಲೇ, ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ. ಮಧ್ಯಾಹ್ನ ಕೋಟೆಯಿಂದ ಹೊರಬಂದಾಗ ಆಟೊದವನು ತಾನಾಗಿಯೇ, ಎಲ್ಲೋರಕ್ಕೂ ಹೋಗಿಬಿಡೋಣವಾ ಎಂದು ಕೇಳಿದ. ಇವತ್ತು ರಜೆ ಎಂದೆ. ಇಲ್ಲ ಸಾಹೇಬರೇ, ತೆರೆದಿದೆ ಎಂದ. ಹೆಚ್ಚಿನ ಬಾಡಿಗೆಗೆ ಹೇಳುತ್ತಿದ್ದಾನೆ ಎಂದುಕೊಂಡು ಕರಪತ್ರ ತೋರಿಸಿದೆ. ಅವನು ಮತ್ತೆ ಮಾತಾಡದೆ ಗಾಡಿ ತಿರುಗಿಸಿದ. ಪ್ರತಿದಿನ ಆ ರಸ್ತೆಯಲ್ಲಿ ಓಡಾಡುವವನ ಮಾತಿಗಿಂತ ಅಚ್ಚಾದ ಕಾಗದವನ್ನು ನಾನು ಹೆಚ್ಚು ನಂಬಿದೆ. ಇನ್ನು ಅರ್ಧ ಗಂಟೆ ಮುಂದೆ ಹೋಗಿದ್ದರೆ ಅಮ್ಮ ಆ ಒಂದೇ ಬಂಡೆಯ ಕೈಲಾಸ ದೇವಸ್ಥಾನದ ಅಂಗಳದಲ್ಲಿರುತ್ತಿದ್ದಳು.

ಮಂಗಳವಾರ ಹೋದಾಗ ಗೇಟು ಮುಚ್ಚಿತ್ತು. ಬುಧವಾರಕ್ಕೆ ಉಳಿದುಕೊಳ್ಳೋಣವೆಂದರೆ ಅಂದು ಸಂಜೆಯೇ ಭೋಪಾಲ್‌ಗೆ ರೈಲು. ಅದಕ್ಕೆ ಹೊಂದಿಸಿ ದೆಹಲಿಯ ಬರ್ತು, ಅದಕ್ಕೆ ಹೊಂದಿಸಿ ಅಹಮದಾಬಾದಿನದು, ಎಲ್ಲವೂ ಕನ್‌ಫರ್ಮ್, ಎಲ್ಲದರಲ್ಲೂ ಅಮ್ಮನಿಗೆ ಕೆಳಗಿನ ಬರ್ತು. ಆಗ 120 ದಿನ ಮುಂಚೆ ಬುಕಿಂಗ್ ತೆರೆಯುತ್ತಿತ್ತು, ಕಾದು ಕುಳಿತು ಮಾಡಿಸಿದ್ದೆ. ಒಂದನ್ನು ಬಿಟ್ಟರೆ ಉಳಿದವೆಲ್ಲ ಬಿಟ್ಟಂತೆ. ನನ್ನ ಯೋಜನೆಯಲ್ಲಿ ಒಂದೇ ಒಂದು ದಿನವೂ ಸಡಿಲವಾಗಿರಲಿಲ್ಲ, ಹಾಗಾಗಿ ಒಂದು ವಾರದ ಹೆಸರು ತಪ್ಪಿದ್ದಕ್ಕೆ ಇಡೀ ಎಲ್ಲೋರ ಹೋಯಿತು. ಹತ್ತಿರದಲ್ಲೇ ಇರುವ ಘೃಷ್ಣೇಶ್ವರನ ದರ್ಶನ ಮಾಡಿಕೊಂಡು, ಜ್ಯೋತಿರ್ಲಿಂಗವಾದರೂ ಸಿಕ್ಕಿತಲ್ಲ ಎಂದು ಅಮ್ಮ ನನ್ನನ್ನೇ ಸಮಾಧಾನ ಮಾಡಿದಳು.

ಉಳಿದದ್ದು ಬೇಗ ಮುಗಿಯುತ್ತದೆ. ಸಾಂಚಿ ಚೆನ್ನಾಗಿತ್ತು. ದೆಹಲಿಯಲ್ಲಿ ಕೆಂಪು ಕೋಟೆಯ ಒಳಗೆ ನಡೆದೇ ಸುಸ್ತಾದಳು. ಪಾಟಣದ ರಾಣಿ ಕಿ ವಾವ್ ಏಳು ಅಂತಸ್ತು ಕೆಳಗಿಳಿಯುವ ಮೆಟ್ಟಿಲುಬಾವಿ. ಶೇಷಶಾಯಿ ವಿಷ್ಣುವಿನ ಮೂರ್ತಿಗಳಿರುವುದು ಕೆಳಗೆ, ಅವಳು ಕುಳಿತದ್ದು ಮೇಲೆ. ನಾನು ಇಳಿದು ಫೋಟೊ ತೆಗೆದು ತಂದು ತೋರಿಸಿದೆ. ಇನ್ನು ಕೋನಾರ್ಕ್ ಬೇಡಪ್ಪ, ಮನೆಗೆ ಹೋಗೋಣ ಎಂದಳು. ಈಗ ಅವಳು ದೂರ ಪ್ರಯಾಣ ಮಾಡುವುದಿಲ್ಲ. ಎಲ್ಲೋರ ಅವಳ ಪಾಲಿಗೆ ಹಾಗೆಯೇ ಉಳಿಯಿತು.

ಆದ್ದರಿಂದ ಯಾವ ಕ್ರಮ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಾವ ಕ್ರಮವೂ ಬೇಡ, ಆರನ್ನು ಒಂದೇ ಸಲ ನೋಡುವುದೇ ಬೇಡ. ಕೋನಾರ್ಕ್ ಬಂಗಾಳ ಕೊಲ್ಲಿಯ ಅಂಚಿನಲ್ಲಿದೆ, ಪಾಟಣ ಉತ್ತರ ಗುಜರಾತಿನಲ್ಲಿದೆ. ನಡುವೆ ಇರುವುದು ಬರೀ ರೈಲಿನ ರಾತ್ರಿಗಳು. ಆ ರಾತ್ರಿಗಳನ್ನು ನಿಮ್ಮ ಅಪ್ಪ ಅಮ್ಮನ ಬೆನ್ನು ಮಂಡಿಗಳು ಹೊರಬೇಕು. ನೋಟಿನ ಮೇಲೆ ಬಂದ ಆರೂ ವಿಶ್ವ ಪರಂಪರೆಯ ತಾಣಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಟಿನ ಚಿತ್ರಗಳು ಪ್ರವಾಸದ ದಾರಿಯಲ್ಲ. ಒಂದು ಸ್ಮಾರಕವನ್ನು ಅದರ ಬಂಧುಬಳಗದ ಜೊತೆ ನೋಡಿದರೆ ಮಾತ್ರ ಅದು ಅರ್ಥವಾಗುತ್ತದೆ, ಆ ಬಳಗ ನೋಟಿನ ಮೇಲೆ ಇರುವುದಿಲ್ಲ.

ಇದು ನನಗೆ ಗೊತ್ತಾದದ್ದು ಎರಡನೇ ಸಲ, ಒಬ್ಬನೇ ಹೋದಾಗ. ಆ ಸಲ ಮೊದಲು ಪಟ್ಟದಕಲ್ಲಿಗೆ ಹೋದೆ. ಕಂಚಿಯ ಪಲ್ಲವರನ್ನು ಗೆದ್ದ ಚಾಲುಕ್ಯ ಎರಡನೇ ವಿಕ್ರಮಾದಿತ್ಯನ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಅಲ್ಲಿದೆ. ಗೆದ್ದ ಆ ದೊರೆ ಕಂಚಿಯ ಕೈಲಾಸನಾಥನ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟನೆಂದು ಹೇಳುವ ಕನ್ನಡ ಶಾಸನ ಇಂದಿಗೂ ಕಂಚಿಯ ಆ ಗುಡಿಯಲ್ಲೇ ಇದೆ. ಪಟ್ಟದಕಲ್ಲಿನಲ್ಲಿ ದ್ವಾರ, ನಂದಿ ಮಂಟಪ, ಸಭಾಮಂಟಪ, ಗರ್ಭಗುಡಿಯ ಮೇಲಿನ ಶಿಖರವಾದ ವಿಮಾನ ಎಂದು ಸಾಲಾಗಿ ನೋಡಿಕೊಂಡು, ಮುಂದಿನ ದಿನಗಳಲ್ಲೇ ಎಲ್ಲೋರದ 16ನೇ ಗುಹೆಯ ಮುಂದೆ ನಿಂತೆ. ಅದೇ ಸಾಲು! ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟರಲ್ಲಿ ಒಂದನೇ ಕೃಷ್ಣ ಮಾಡಿಸಿದ್ದು ಈ ಕೈಲಾಸ. ಸೋತವರ ಗುಡಿಯ ವಿನ್ಯಾಸವನ್ನು ಗೆದ್ದವರು ಕೆಡವಲಿಲ್ಲ, ಇನ್ನೂ ದೊಡ್ಡದಾಗಿ, ಕಟ್ಟುವ ಬದಲು ಕಡಿದು ಮಾಡಿದರು. ಕಂಚಿಯ ಮಾದರಿಯಲ್ಲಿ ಪಟ್ಟದಕಲ್ಲು, ಅದರ ಮಾದರಿಯಲ್ಲಿ ಎಲ್ಲೋರ: ಮೂರೂ ಒಂದೇ ಮಾತಿನ ಮೂರು ಸಾಲುಗಳಂತೆ ಕಂಡವು. ಪಟ್ಟದಕಲ್ಲು ನೋಡದೆ ಹೋಗಿದ್ದರೆ ನಾನು ಕೂಡ ಎಷ್ಟು ದೊಡ್ಡದಪ್ಪಾ ಎಂದು ಬಾಯಿಬಿಟ್ಟು ವಾಪಸು ಬರುತ್ತಿದ್ದೆ.

ಕೋನಾರ್ಕ್‌ಗೂ ಆಮೇಲೆ ಹೋಗಿಬಂದೆ. ಅಲ್ಲಿ 24 ಚಕ್ರಗಳಿವೆ. 10ರ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳುವವರ ಗುಂಪೆಲ್ಲ ಒಂದೇ ಚಕ್ರದ ಮುಂದೆ ನೆರೆದಿತ್ತು. ಪಕ್ಕದ ಚಕ್ರಗಳ ಕೆತ್ತನೆಯನ್ನು ನಾನು ಆರಾಮಾಗಿ ನೋಡಿದೆ. ಎದುರಿಗೆ ನಿಂತಿರುವುದು ಜಗಮೋಹನ, ಅಂದರೆ ಗರ್ಭಗುಡಿಯ ಮುಂದಿನ ಮಂಟಪ ಮಾತ್ರ, ಮುಖ್ಯ ಶಿಖರ ಎಂದೋ ಬಿದ್ದುಹೋಗಿದೆ. ಉಳಿದದ್ದೂ ಕುಸಿಯದಿರಲೆಂದು 1903ರಲ್ಲಿ ಒಳಗೆ ಮರಳು ತುಂಬಿ ಮುಚ್ಚಿದ್ದರಿಂದ ಒಳಹೋಗುವ ಹಾಗಿಲ್ಲ. ಇದನ್ನು ಹಿರಿಯರಿಗೆ ಮೊದಲೇ ಹೇಳಿ, ಗರ್ಭಗುಡಿ ಎಲ್ಲಿ ಎಂದು ಹುಡುಕುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ರಜೆಯನ್ನು ಬಾದಾಮಿ, ಪಟ್ಟದಕಲ್ಲು, ಹಂಪಿ, ಎಲ್ಲೋರ, ಅಜಂತಾಕ್ಕೆ ಮಾತ್ರ ಇಡುತ್ತಿದ್ದೆ. 15 ದಿನ ಬೇಕಾಗುವುದಿಲ್ಲ, ಉಳಿದದ್ದು ವಿಶ್ರಾಂತಿಗೆ. ಪಾಟಣಕ್ಕೆ ಬೇರೆ ಸಲ ಹೋಗಿ, ಹೋದಾಗ ಮೊಧೇರಾದ ಸೂರ್ಯ ದೇವಾಲಯ ಬಿಡಬೇಡಿ. ಅದು ಒಂದನೇ ಭೀಮದೇವನ ಕಾಲದ್ದು, ಬಾವಿ ಅವನ ನೆನಪಿಗೆ ರಾಣಿ ಉದಯಮತಿ ಕಟ್ಟಿಸಿದ್ದು, ಎರಡೂ ಹತ್ತಿರ ಹತ್ತಿರ. ಕೆಂಪು ಕೋಟೆಗೆಂದೇ ದೆಹಲಿಗೆ ಹೋಗಬೇಕಾಗಿಲ್ಲ, ಬೇರೆ ಕೆಲಸಕ್ಕೆ ಹೋದಾಗ ನೋಡಿ. ಅದಕ್ಕೆ ಸೋಮವಾರ ರಜೆ, ಆಗಸ್ಟ್ 15ಕ್ಕೆ ಮುಂಚಿನ ಕೆಲವು ದಿನಗಳೂ ಭದ್ರತೆಗಾಗಿ ಮುಚ್ಚಿರುತ್ತಾರೆ. ದಾರಿಯಲ್ಲಿ ತಾಜ್ ಮಹಲ್ ಸೇರಿಸಬೇಕೆನಿಸಿದರೆ ಅದಕ್ಕೆ ಶುಕ್ರವಾರ ರಜೆ.

ಈಗ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಬರ್ತು ಸಿಕ್ಕ ದಿನಕ್ಕೆ ಸ್ಥಳಗಳನ್ನು ಹೊಂದಿಸಬೇಡಿ. ಕ್ಯಾಲೆಂಡರಿನಲ್ಲಿ ಮೊದಲು ಬುಧವಾರಕ್ಕೆ ಎಲ್ಲೋರ, ಗುರುವಾರಕ್ಕೆ ಅಜಂತಾ ಬರೆದು, ಶುಕ್ರವಾರ ಖಾಲಿ ಬಿಡಿ. ಎಲ್ಲೋರದ ಗುಹೆಗಳು ಪಶ್ಚಿಮಕ್ಕೆ ಮುಖ ಮಾಡಿವೆ, ಮಧ್ಯಾಹ್ನದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. 34 ಗುಹೆಗಳನ್ನೂ ಹತ್ತಿಳಿಸಬೇಡಿ: ಬೌದ್ಧ ಗುಹೆಗಳಲ್ಲಿ 10ನೆಯದು, ಆಮೇಲೆ 16ನೆಯ ಕೈಲಾಸ, ಶಕ್ತಿ ಉಳಿದರೆ ಜೈನ ಗುಹೆಗಳಲ್ಲಿ 32ನೆಯದು ಸಾಕು. ಅಜಂತಾದಲ್ಲಿ ನಿಮ್ಮ ಗಾಡಿಯನ್ನು ಸುಮಾರು 4 ಕಿಲೋಮೀಟರ್ ಹಿಂದೆಯೇ ನಿಲ್ಲಿಸಿ ಅಲ್ಲಿನ ಬಸ್ಸು ಹತ್ತಬೇಕು. ಅದಾದ ಮೇಲೂ ಮೆಟ್ಟಿಲುಗಳಿವೆ, ಬೆಳಿಗ್ಗೆ ಬೇಗ ಹೊರಡಿ. ಇನ್ನು, ಹೊರಡುವ ಹಿಂದಿನ ದಿನ ಹೋಟೆಲಿನವರನ್ನೋ ಆಟೊದವರನ್ನೋ ನಾಳೆ ತೆರೆದಿರುತ್ತದಾ ಎಂದು ಕೇಳಿ, ಅವರು ಹೇಳಿದ್ದನ್ನು ನಂಬಿ.